ಕಳವಿನ ಮಾಲು ಮತ್ತು ಕೇಳದವನ ಹೊಣೆ

ಕಳ್ಳನು ತಾನು ಕದ್ದದ್ದನ್ನೆಲ್ಲ ತಾನೇ ಬಳಸುವುದು ವಿರಳ. ಕೊಳ್ಳುವವರಿದ್ದಾರೆ, ಮಾರಿಕೊಡುವವರಿದ್ದಾರೆ ಎಂಬ ಧೈರ್ಯದಿಂದಲೇ ಅವನು ಪರರ ಮನೆಯನ್ನು ಹೊಗುತ್ತಾನೆ. ಆದಕಾರಣ ಮಾರಿಕೊಟ್ಟವನ ತಪ್ಪು ಕದ್ದವನ ತಪ್ಪಿಗಿಂತ ಹಗುರವೆಂದು ಕಾಯಿದೆಯು ಭಾವಿಸಿಲ್ಲ. 1860ರ ದಂಡಸಂಹಿತೆಯ 414ನೆಯ ಕಲಮಿನಲ್ಲಿದ್ದ ವಿಧಿಯು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಲ್ಲಿ ಮುಂದುವರಿದಿದೆ. ವಸ್ತುವು ಕಳವಿನದೆಂದು ತಿಳಿದೋ, ಹಾಗೆಂದು ನಂಬಲು ಕಾರಣವಿದ್ದೋ, ಅದನ್ನು ಬಚ್ಚಿಡಲು ಇಲ್ಲವೆ ಸಾಗಹಾಕಲು ನೆರವಾದವನಿಗೆ ಮೂರು ವರ್ಷಗಳವರೆಗೆ ಸೆರೆವಾಸ. ಮೊದಲ ಬಾರಿಯ ಸಾಮಾನ್ಯ ಕಳವಿಗೂ ಗರಿಷ್ಠ ಸೆರೆವಾಸ ಇಷ್ಟೇ.

‘ನಂಬಲು ಕಾರಣವಿದ್ದೋ’ ಎಂಬ ಮಾತನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಹತ್ತು ಸಾವಿರದ ಸೈಕಲ್ಲನ್ನು ಅಪರಿಚಿತನೊಬ್ಬನು ಕತ್ತಲಾದ ಮೇಲೆ ಸಾವಿರಕ್ಕೆ ಕೊಡಲು ಬಂದರೆ, ಗುಜರಿ ಅಂಗಡಿಯವನು ‘ನನಗೇನೂ ತಿಳಿಯದು’ ಎಂದು ಸುಲಭವಾಗಿ ಪಾರಾಗಲಾರನು. ತಿಳಿಯಬಹುದಾಗಿತ್ತಲ್ಲ, ಏಕೆ ಕೇಳಲಿಲ್ಲ ಎಂದು ನ್ಯಾಯಾಲಯವು ಪ್ರಶ್ನಿಸುತ್ತದೆ. ಅಜ್ಞಾನದಲ್ಲಿ ಎರಡು ಬಗೆಯುಂಟು: ಒಂದು ತಾನಾಗಿ ಇರುವಂಥದು, ಇನ್ನೊಂದು ಲಾಭಕ್ಕಾಗಿ ಕಾಪಾಡಿಕೊಂಡು ಬಂದದ್ದು. ಈ ಎರಡನೆಯದನ್ನು ಅಜ್ಞಾನವೆಂದು ಕರೆಯುವುದೇ ಭಾಷೆಗೆ ಮಾಡುವ ಅಪಚಾರ.

ಅಂತರ್ಜಾಲದ ಸಂತೆಯಲ್ಲಿ ಅಂಗಡಿಯವನು ಕಣ್ಣಿಗೆ ಬೀಳುವುದಿಲ್ಲ. ಮಾರುವವನು ಜಾಹೀರಾತು ಹಾಕುತ್ತಾನೆ, ಕೊಳ್ಳುವವನು ಹಣ ಕಳುಹಿಸುತ್ತಾನೆ, ನಡುವಿನ ಸಂಸ್ಥೆಯು ತನ್ನ ಪಾಲನ್ನು ಪಡೆದುಕೊಳ್ಳುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಕಲಮು ಇಂತಹ ಮಧ್ಯವರ್ತಿಗಳಿಗೆ, ಅವರು ತಕ್ಕ ಎಚ್ಚರವನ್ನು ವಹಿಸಿದ್ದರೆ, ರಕ್ಷಣೆ ನೀಡುತ್ತದೆ. ಅನ್ಯರು ಪ್ರಕಟಿಸಿದ್ದರ ಬಗ್ಗೆ ಮಧ್ಯವರ್ತಿಗೆ ‘ವಾಸ್ತವ ತಿಳಿವಳಿಕೆ’ ಬಂತೆನ್ನಲು ನ್ಯಾಯಾಲಯದ ಆದೇಶವೋ ಸರಕಾರದ ಸೂಚನೆಯೋ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಹೇಳಿತು. ವಾಕ್‌ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಯೋಗ್ಯವಾದ ತೀರ್ಪು. ಆದರೆ ವ್ಯಾಪಾರಕ್ಕೆ ಅದೇ ಅಳತೆಗೋಲನ್ನು ಹಿಡಿದರೆ, ಗುಜರಿಯವನು ಅನುಮಾನಕ್ಕೆ ಕಾರಣ ಕಂಡೊಡನೆ ಹೊಣೆಗಾರನಾಗುತ್ತಾನೆ. ಕೋಟಿಗಟ್ಟಲೆ ವಹಿವಾಟಿನ ಸಂಸ್ಥೆಯು ಆದೇಶ ಕೈಸೇರುವ ತನಕ ನಿಶ್ಚಿಂತವಾಗಿರಬಹುದು. ಇದು ನನಗೆ ಸರಿಯೆನಿಸುವುದಿಲ್ಲ.

ನಷ್ಟವು ಯಾರ ಪಾಲಿಗೆ ಬರುತ್ತದೆಂಬುದನ್ನಾದರೂ ನೋಡಿ. ತನಗಿಲ್ಲದ ಒಡೆತನವನ್ನು ಯಾರೂ ಮತ್ತೊಬ್ಬರಿಗೆ ಕೊಡಲಾರರೆಂಬುದು 1930ರ ಸರಕು ಮಾರಾಟ ಕಾಯಿದೆಯ ಸಾಮಾನ್ಯ ನಿಯಮ. ಪ್ರಾಮಾಣಿಕವಾಗಿ ಹಣ ತೆತ್ತು ಕೊಂಡವನೂ ವಸ್ತುವನ್ನು ನಿಜವಾದ ಒಡೆಯನಿಗೆ ಬಿಟ್ಟುಕೊಡಬೇಕಾಗುತ್ತದೆ. ಮಗಳ ಓದಿಗೆಂದು ಹಳೆಯ ಫೋನು ಕೊಂಡ ಕೂಲಿಕಾರನ ಹಣ ಹೋಯಿತು. ನಡುವಿನವನ ದಲ್ಲಾಳಿ ಹಾಗೆಯೇ ಉಳಿಯಿತು.

ಲಕ್ಷಾಂತರ ಜಾಹೀರಾತುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಹೇಗೆಂದು ಸಂಸ್ಥೆಗಳು ಕೇಳುವುದುಂಟು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಕಟ್ಟುನಿಟ್ಟು ಮಿತಿಮೀರಿದರೆ, ರಸೀದಿಯನ್ನು ಕಳೆದುಕೊಂಡ ಬಡವನು ತನ್ನದೇ ಹೊಲಿಗೆಯಂತ್ರವನ್ನು ಮಾರಲಾರದೆ ಹೋಗುತ್ತಾನೆ. ಅಮೆರಿಕದಲ್ಲಿ 2023ರ ಜೂನ್ 27ರಂದು ಜಾರಿಗೆ ಬಂದ ‘ಇನ್‌ಫಾರ್ಮ್ ಕನ್ಸ್ಯೂಮರ್ಸ್’ ಕಾಯಿದೆಯು ಇದಕ್ಕೊಂದು ದಾರಿ ತೋರಿಸಿದೆ. ಹನ್ನೆರಡು ತಿಂಗಳ ಅವಧಿಯೊಂದರಲ್ಲಿ 200 ಅಥವಾ ಹೆಚ್ಚು ಹೊಸ ಸರಕುಗಳನ್ನು ಮಾರಿ, 5,000 ಡಾಲರು ಅಥವಾ ಅದಕ್ಕೂ ಮಿಗಿಲಾದ ವರಮಾನ ಪಡೆದವರ ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆ, ಸಂಪರ್ಕ ವಿವರಗಳನ್ನು ಮಾರುಕಟ್ಟೆಯ ಸಂಸ್ಥೆಯು ಪಡೆದು ಪರಿಶೀಲಿಸಬೇಕು. ನಿನಗೆ ಗೊತ್ತಿತ್ತೇ ಎಂದು ಕೇಳುವುದನ್ನು ಬಿಟ್ಟು, ನೀನು ವಿಚಾರಿಸಿದೆಯಾ ಎಂದು ಆ ಕಾಯಿದೆ ಕೇಳುತ್ತದೆ. ಮನೆಯ ಹಳೆಯ ಸಾಮಾನೊಂದನ್ನು ಮಾರುವವನ ಗೊಡವೆಗೆ ಹೋಗುವುದಿಲ್ಲ. ಖಾತೆಗಳನ್ನು ಹತ್ತಾರು ಹೆಸರಿನಲ್ಲಿ ಒಡೆದಿಟ್ಟುಕೊಳ್ಳುವ ಚಾಣಾಕ್ಷರು ಇದರಿಂದಲೂ ನುಣುಚಿಕೊಳ್ಳಬಹುದು, ಅದು ಬೇರೆ ಮಾತು.

ನಮ್ಮಲ್ಲಿಯೂ ಫೋನುಗಳ ಮಟ್ಟಿಗೆ ಇಂತಹ ಹೆಜ್ಜೆ ಬಿದ್ದಿದೆ. 2023ರಲ್ಲಿ ಆರಂಭವಾದ ಸಂಚಾರ್ ಸಾಥಿ ತಾಣದಲ್ಲಿ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಕೊಟ್ಟು, ಆ ಫೋನು ಕಳವಾದದ್ದೆಂದು ತಡೆಹಿಡಿಯಲ್ಪಟ್ಟಿದೆಯೇ ಎಂದು ಯಾರಾದರೂ ತಿಳಿಯಬಹುದು. ಹಳೆಯ ಫೋನು ಕೊಳ್ಳುವ ವಾಚಕರು ಹಣ ಕೊಡುವ ಮೊದಲೇ ಇದನ್ನು ಮಾಡಬೇಕು. ರೈತನ ಬಾವಿಯಿಂದ ಕತ್ತರಿಸಿಕೊಂಡು ಹೋದ ಪಂಪ್‌ಸೆಟ್ಟಿನ ತಾಮ್ರದ ತಂತಿಗೆ ಮಾತ್ರ ಅಂತಹ ಸಂಖ್ಯೆ ಇಲ್ಲ. ಸುಟ್ಟು ಸಿಪ್ಪೆ ತೆಗೆದು ತಂದ ಆ ತಂತಿಯನ್ನು ತೂಕಕ್ಕೆ ಹಾಕುವವನು, ಇದು ಎಲ್ಲಿಂದ ಬಂತೆಂದು ತಂದವನನ್ನು ಬಾಯಿಬಿಟ್ಟು ಕೇಳಬೇಕು.