ದಾರಿಯ ಋಣ

ನಡಿಗೆಯಲ್ಲಿ ಧರ್ಮಾಧರ್ಮಗಳ ವಿಚಾರವೇನಿದೆ ಎಂದು ವಾಚಕರು ಕೇಳಬಹುದು. ಹೊಟ್ಟೆಪಾಡಿಗೆಂದು ನಡೆದವನು ತನ್ನ ಕೆಲಸವನ್ನು ಮಾಡಿದನು. ಸಂತೋಷಕ್ಕೆಂದು ನಡೆದವನು ಯಾರ ಸೊತ್ತನ್ನೂ ಕದ್ದೊಯ್ಯಲಿಲ್ಲ. ಸಮುದ್ರವನ್ನು ನೂರು ಜನ ನೋಡಿದರೂ ಅದರ ನೀರು ಒಂದು ಬೊಗಸೆಯಷ್ಟೂ ಕಡಿಮೆಯಾಗದು. ಆದುದರಿಂದ ನೋಟವು ನಿರಪರಾಧಿ, ನೋಡುವವನು ಯಾರಿಗೂ ಏನನ್ನೂ ಕೊಡಬೇಕಾದುದಿಲ್ಲ ಎಂಬುದು ಲೋಕದ ನಂಬಿಕೆ. ರಜೆ ಬಂದೊಡನೆ ಗುಡ್ಡ ಕೋಟೆಗಳನ್ನು ಅರಸಿಕೊಂಡು ಕಾಲ್ನಡಿಗೆಯಲ್ಲಿ ಹೊರಡುವ ಹವ್ಯಾಸವು ನಮ್ಮ ತರುಣರಲ್ಲಿ ಹೆಚ್ಚುತ್ತಿದೆ. ಅದಕ್ಕೆ ಚಾರಣವೆಂಬ ಸೊಗಸಾದ ಹೆಸರೂ ದೊರೆತಿದೆ. ಇಂತಹ ದಿನಗಳಲ್ಲಿ ಆ ನಂಬಿಕೆಯನ್ನು ಸ್ವಲ್ಪ ತಟ್ಟಿ ನೋಡುವುದು ತಪ್ಪಾಗಲಾರದು. ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಕರಾವಳಿಯ ದಾರಿಗಳೇ ಸಾಕು.

ಅಮೆರಿಕೆಯ ಎಮರ್ಸನ್ 1836ರಲ್ಲಿ ಪ್ರಕಟಿಸಿದ ‘ಪ್ರಕೃತಿ’ ಎಂಬ ಪುಟ್ಟ ಗ್ರಂಥದಲ್ಲಿ ಈ ನಂಬಿಕೆಗೆ ಒಂದು ಉದಾತ್ತವಾದ ರೂಪವನ್ನು ಕೊಟ್ಟಿದ್ದಾನೆ. ಒಂದೊಂದು ಹೊಲಕ್ಕೆ ಒಬ್ಬೊಬ್ಬ ಒಡೆಯನುಂಟು. ಅವೆಲ್ಲವೂ ಕೂಡಿ ಆದ ಚೆಲುವಿಗೆ ಮಾತ್ರ ಒಡೆಯನಿಲ್ಲ, ಅದು ಎಲ್ಲವನ್ನೂ ಒಂದಾಗಿ ಕಾಣಬಲ್ಲ ಕವಿಯ ಕಣ್ಣಿಗೆ ಸೇರಿದುದು ಎಂಬುದು ಅವನ ಅಭಿಪ್ರಾಯದ ಸಾರ. ವಿಚಾರವೇನೋ ಮನೋಹರವಾಗಿದೆ. ಒಂದು ಗೇಣು ನೆಲವಿಲ್ಲದ ಬಡವನಿಗೂ ಇಡೀ ನಾಡಿನ ಒಡೆತನವನ್ನು ಕೊಡಿಸುವ ಈ ಮಾತನ್ನು ಯಾರು ತಾನೆ ಅಲ್ಲಗಳೆದಾರು? ಆದರೂ ಒಂದು ಸಂದೇಹ ಉಳಿಯುತ್ತದೆ. ಒಡೆಯನಿಲ್ಲವೆಂದ ಮಾತ್ರಕ್ಕೆ ಸಾಲ ಕೊಟ್ಟವರೂ ಇಲ್ಲವೆಂದಾಗುವುದೆ?

ಕಡಲ ತಡಿಯಿಂದ ಮೂಡುದಿಕ್ಕಿಗೆ ನಡೆಯುವವನು ಮೊದಲು ಹೊಯಿಗೆಯ ತೆಂಗಿನ ತೋಟಗಳನ್ನೂ, ಬಳಿಕ ಬೈಲಿನ ಗದ್ದೆಗಳನ್ನೂ, ಅನಂತರ ಅಡಿಕೆಯ ತೋಟಗಳನ್ನೂ ಹಾದು, ದರೆಯನ್ನೇರಿ, ಮುರಕಲ್ಲಿನ ಪದವಿಗೆ ಬಂದು ಸೇರುತ್ತಾನೆ. ಈ ದಾರಿಯನ್ನು ಯಾವ ಸರಕಾರವೂ ಕಡಿಸಿದುದಲ್ಲ. ಗದ್ದೆಯ ಕಟ್ಟಪುಣಿಯು ಬೇಸಾಯಗಾರನು ನೀರು ನಿಲ್ಲಿಸಲೆಂದು ಕಟ್ಟಿದುದು. ಅವನು ಪ್ರತಿವರ್ಷವೂ ಅದಕ್ಕೆ ಕೆಸರು ಮೆತ್ತದಿದ್ದರೆ ನಡೆಯುವವನ ಕಾಲು ಗದ್ದೆಯಲ್ಲಿರುತ್ತದೆ. ತೋಡಿಗೆ ಅಡ್ಡಲಾಗಿ ಅಡಿಕೆಮರದ ಸಂಕವನ್ನು ಹಾಕಿದವರು ಆಚೀಚೆ ಮನೆಯವರು. ಮಳೆಗಾಲದ ನೆರೆಯಲ್ಲಿ ಅದು ಕೊಚ್ಚಿಹೋದರೆ ಮತ್ತೆ ಹಾಕುವವರೂ ಅವರೇ. ಇವೆಲ್ಲಕ್ಕಿಂತಲೂ ನನಗೆ ವಿಚಾರಾರ್ಹವಾಗಿ ತೋರುವುದು ತಡಮೆ. ತನ್ನ ತೋಟಕ್ಕೆ ಬೇಲಿ ಕಟ್ಟುವ ಹಕ್ಕು ಒಡೆಯನಿಗೆ ಇದ್ದೇ ಇದೆ. ಆದರೆ ಬೇಲಿಯು ಕಾಲುದಾರಿಯನ್ನು ಕಡಿಯುವಲ್ಲಿ ಅವನು ದನ ನುಗ್ಗದಂತೆ, ಮನುಷ್ಯನು ಮಾತ್ರ ಕಾಲೆತ್ತಿ ದಾಟುವಂತೆ, ಒಂದು ಎಡೆಯನ್ನು ಬಿಡುತ್ತಿದ್ದನು. ದಾಟುವವನು ಯಾರೆಂದು ಅವನು ಬಲ್ಲನೆ? ಇಲ್ಲ. ಯಾರಾದರೂ ಬಂದಾರು ಎಂಬಷ್ಟೇ ಅವನ ತಿಳಿವಳಿಕೆ. ಬೇಲಿಯಷ್ಟೇ ಕಟ್ಟುವುದು ಸುಲಭ. ಬೇಲಿಯಲ್ಲಿ ತಡಮೆಯನ್ನಿಡಲು ಅಪರಿಚಿತನೊಬ್ಬನನ್ನು ಮನಸ್ಸಿನಲ್ಲಿ ಕಂಡಿರಬೇಕು.

ಹೊರೆಗಲ್ಲಿನ ಕಥೆಯೂ ಇಂತಹದೇ. ಎರಡು ಕಲ್ಲುಗಳನ್ನು ನಿಲ್ಲಿಸಿ, ಆಳೆತ್ತರದಲ್ಲಿ ಮೂರನೆಯದೊಂದನ್ನು ಅಡ್ಡವಾಗಿಟ್ಟಿರುವುದನ್ನು ಹಳೆಯ ದಾರಿಗಳ ಬದಿಯಲ್ಲಿ ಇಂದಿಗೂ ಅಲ್ಲಲ್ಲಿ ಕಾಣಬಹುದು. ತಲೆಹೊರೆಯವನು ಮತ್ತೊಬ್ಬರ ಕೈಯಾಸರೆಯಿಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಾನಾಗಿಯೇ ತಲೆಗೇರಿಸಿಕೊಳ್ಳಬಹುದಾಗಿತ್ತು. ಗರ್ಭಿಣಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಗಳ ನೆನಪಿಗೆ ಇಂತಹ ಕಲ್ಲನ್ನು ನಿಲ್ಲಿಸುವ ವಾಡಿಕೆ ತಮಿಳು ಮಲೆಯಾಳ ನಾಡುಗಳಲ್ಲಿ ಇದ್ದಿತು. ಇಳಿಸಲಾಗದೆ ಹೋದ ಹೊರೆಯೊಂದರ ದುಃಖವನ್ನು ಎಲ್ಲರ ಹೊರೆಯನ್ನೂ ಇಳಿಸುವುದರಿಂದ ಶಮನಗೊಳಿಸಿದ ಆ ಜನರ ಹೆಸರುಗಳು ನಮಗೆ ತಿಳಿಯವು. ಈಗ ಅದರ ಬಳಿ ನಿಂತು ಭಾವಚಿತ್ರ ತೆಗೆಸಿಕೊಳ್ಳುವವರಿಗೆ ಅದು ಕೇವಲ ಮೂರು ಕಲ್ಲು.

ನಮ್ಮ ಹಿರಿಯರು ಋಣದ ವಿಚಾರದಲ್ಲಿ ಲೆಕ್ಕವಿಟ್ಟವರು. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನು ಎಲ್ಲರೂ ಬಲ್ಲರು. ಶತಪಥ ಬ್ರಾಹ್ಮಣವು ನಾಲ್ಕನೆಯದೊಂದನ್ನು ಸೇರಿಸುತ್ತದೆ; ಅದು ಮನುಷ್ಯರ ಋಣ. ಬಂದವರಿಗೆ ಇರಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಡುವುದರಿಂದ ಇದನ್ನು ತೀರಿಸಬೇಕಂತೆ. ಮನೆಯ ಮುಂದೆ ಹಾದುಹೋಗುವವನನ್ನು ‘ಆಸರಿಗೆ ಬೇಕೆ’ ಎಂದು ಕೇಳಿ, ಬೆಲ್ಲವನ್ನೂ ತಂಬಿಗೆ ನೀರನ್ನೂ ಜಗಲಿಯಲ್ಲಿಡುವ ನಮ್ಮ ಕಡೆಯ ಪದ್ಧತಿಯು ಆ ನಾಲ್ಕನೆಯ ಋಣದ ತೀರುವೆಯೇ ಸರಿ. ಹೋಗುವವನೂ ಬರಿಗೈಯವನಲ್ಲ, ಅವನು ಹಾದುಬಂದ ಊರುಗಳ ಸುದ್ದಿಯನ್ನು ಹೇಳುತ್ತಿದ್ದನು. ಯಾರ ಮನೆಯಲ್ಲಿ ಕಾಯಿಲೆ, ಎಲ್ಲಿ ತೋಡು ಒಡೆಯಿತು, ಯಾವ ಬೈಲಿನಲ್ಲಿ ಬೆಳೆಗೆ ಹುಳು ಬಿದ್ದಿದೆ ಎಂಬುದು ಹೀಗೆ ಊರಿಂದೂರಿಗೆ ನಡೆದು ಹೋಗುತ್ತಿತ್ತು. (ಜಗಲಿಯನ್ನೇರುವ ಅವಕಾಶವು ಎಲ್ಲ ಜಾತಿಯವರಿಗೂ ಇದ್ದಿತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ದಾರಿಯನ್ನು ಹೆಚ್ಚು ಸವೆಸಿದವರಿಗೇ ನೀರು ದೂರದಿಂದ ದೊರೆಯುತ್ತಿದ್ದುದು. ಆ ಋಣವಂತೂ ಇನ್ನೂ ಸಂದಿಲ್ಲ.)

ಇಂದು ಬೇಕಲದ ಕೋಟೆಗೆ ಹೋಗುವವನು ಬಾಗಿಲಲ್ಲಿ ಚೀಟಿಯನ್ನು ಕೊಳ್ಳುತ್ತಾನೆ. ಅದು ಆಗಬೇಕಾದುದೇ, ಕೋಟೆಯ ರಕ್ಷಣೆಗೆ ಹಣ ಬೇಕು. ಆದರೆ ಚೀಟಿ ಕೊಂಡವನು ಲೆಕ್ಕ ಮುಗಿಯಿತೆಂದು ಭಾವಿಸುವುದು ಸ್ವಾಭಾವಿಕ. 17ನೆಯ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪನಾಯಕನು ಕಟ್ಟಿಸಿದನೆಂದೂ, 1763ರಲ್ಲಿ ಹೈದರಾಲಿಯ ವಶವಾಯಿತೆಂದೂ, 1799ರಲ್ಲಿ ಇಂಗ್ಲಿಷರ ಪಾಲಾಯಿತೆಂದೂ ನಮ್ಮ ಮಕ್ಕಳು ಬರೆದುಕೊಂಡು ಬರುತ್ತಾರೆ. ಒಳ್ಳೆಯದು. ಕಟ್ಟಿಸಿದವನು ಪಾಠದಲ್ಲಿದ್ದಾನೆ, ಕಲ್ಲು ಕಡಿದವನು ಇಲ್ಲ. ಅವನು ಕಡಿದ ಕಲ್ಲಿಗಾದರೋ ಒಂದು ಚರಿತ್ರೆಯಿದೆ. ನೆಲದಡಿಯಲ್ಲಿರುವಾಗ ಕೊಡಲಿಯಂತಹ ಹತ್ಯಾರಿನಿಂದ ಕಡಿಯಬಹುದಾದಷ್ಟು ಮೆತ್ತಗಿದ್ದು, ಗಾಳಿ ಬಿಸಿಲುಗಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಮುರಕಲ್ಲನ್ನು ನೋಡಿಯೇ ಬುಕನನ್ ಎಂಬ ಸ್ಕಾಟ್‌ಲೆಂಡಿನ ವೈದ್ಯನು ಅದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟನು. 1807ರ ಅವನ ಗ್ರಂಥದಿಂದ ಆ ಹೆಸರು ಲೋಕದ ಭೂಶಾಸ್ತ್ರಕ್ಕೆಲ್ಲ ಹಬ್ಬಿತು. ಅದೇ ಕಲ್ಲಿನ ಗುಡ್ಡದ ಒಡಲಿಗೆ, ಒಬ್ಬನು ಮಾತ್ರ ನುಸುಳಬಹುದಾದಷ್ಟು ಅಗಲದ ಸುರಂಗವನ್ನು ಪಿಕ್ಕಾಸಿನಿಂದ ಕೊರೆದು, ಯಾವ ಯಂತ್ರವೂ ಇಲ್ಲದೆ ನೀರನ್ನು ಅಂಗಳಕ್ಕೆ ಹರಿಯಿಸಿಕೊಂಡವರು ಇಲ್ಲಿಯ ಕೃಷಿಕರು. ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿ ಕೋಟೆಯಿದೆ, ಸುರಂಗವಿರುವುದು ಅಪೂರ್ವ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಚೆಲುವನ್ನು ಸವಿಯಲು ಇಷ್ಟೆಲ್ಲ ತಿಳಿದಿರಲೇಬೇಕೆ? ಪೊಸಡಿಗುಂಪೆಯ ಹುಲ್ಲಿನ ನೆತ್ತಿಯ ಮೇಲೆ ಮೊದಲ ಬಾರಿ ನಿಂತ ಹತ್ತು ವರ್ಷದ ಮಗುವು ಪಡುವಲಲ್ಲಿ ಕಡಲನ್ನೂ ಮೂಡಲಲ್ಲಿ ಘಟ್ಟಗಳ ಸಾಲನ್ನೂ ಕಂಡು ಕೇಕೆ ಹಾಕುವಾಗ, ಅದರ ಹರ್ಷವು ಅಪೂರ್ಣವೆಂದು ಹೇಳುವ ಉಪಾಧ್ಯಾಯನು ಉಪಾಧ್ಯಾಯನಲ್ಲ. ಮಗುವಿನ ಹರ್ಷಕ್ಕೆ ಯಾವ ಕೊರತೆಯೂ ಇಲ್ಲ. ಆದರೆ ಮಗುವು ಅಲ್ಲಿಗೇ ನಿಲ್ಲುವುದಿಲ್ಲವೆಂಬುದನ್ನು ಗಮನಿಸಬೇಕು. ‘ಅಗೋ ಅದು ಯಾವ ಊರು?’ ಎಂದು ಮರುಕ್ಷಣವೇ ಕೇಳುತ್ತದೆ. ಕೇಳುವುದನ್ನು ನಿಲ್ಲಿಸುವವರು ದೊಡ್ಡವರು.

ಆ ನೆತ್ತಿಯಿಂದ ಮೂಡಲಿಗೆ ತೋರುವ ಹಸುರು ಗುಡ್ಡಗಳ ನಡುವೆ ಎಣ್ಮಕಜೆ ಎಂಬ ಗ್ರಾಮವಿದೆ. ಅದರಲ್ಲಿ ಸ್ವರ್ಗವೆಂಬ ಹೆಸರಿನದೇ ಒಂದು ಊರಿದೆ. ಅಲ್ಲಿಯ ಗುಡ್ಡಗಳ ಮೇಲಣ ಸರಕಾರೀ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ತೋಟದ ಕೆಳಗೆ ಮನೆಗಳಿದ್ದುವು, ತೋಡುಗಳಿದ್ದುವು, ಸುರಂಗಗಳ ಬಾಯಿಗಳು ತೆರೆದಿದ್ದುವು. ಅಂಗವೈಕಲ್ಯದ, ಬುದ್ಧಿಮಾಂದ್ಯದ, ನರರೋಗಗಳ ಮಕ್ಕಳು ಮನೆಮನೆಯಲ್ಲಿ ಕಾಣಿಸಿಕೊಂಡರು. ಸುಪ್ರೀಂ ಕೋರ್ಟು ಈ ವಿಷವನ್ನು ದೇಶದಲ್ಲೆಲ್ಲ ತಡೆದುದು 2011ರಲ್ಲಿ. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿದುದು 2017ರಲ್ಲಿ.

ಈ ಪ್ರಕರಣವನ್ನು ಇಲ್ಲಿ ಎತ್ತಿದುದಕ್ಕೆ ಕಾರಣವಿದೆ. ಆ ಗುಡ್ಡಗಳನ್ನು ಎತ್ತರದಿಂದ ನೋಡಿದವರಿಗೆ ಹಸುರು ಮಾತ್ರವೇ ಕಂಡಿತು. ಸಂತೋಷಕ್ಕಾಗಿ ಗುಂಪೆಯನ್ನೇರಿದವನಿಗೂ, ಔಷಧಿಯ ಸಿಂಪಡಣೆಗೆಂದು ಮೇಲೆ ಹಾರಿದವನಿಗೂ ದೃಶ್ಯ ಒಂದೇ. ಇಬ್ಬರನ್ನೂ ಸಮಾನವಾಗಿ ತೂಗುವುದು ನನ್ನ ಉದ್ದೇಶವಲ್ಲ; ಒಬ್ಬನು ವಿಷವನ್ನು ಸುರಿದನು, ಇನ್ನೊಬ್ಬನು ಸುಮ್ಮನೆ ನೋಡಿದನು. ಆದರೆ ಎಮರ್ಸನ್ನನ ಆ ಇಡಿಯಾಗಿ ಕಾಣುವ ಕಣ್ಣಿಗೆ ಇಲ್ಲಿ ಏನೂ ಕಾಣದೆ ಹೋಯಿತೆಂಬುದು ನಿಜ. ಕಂಡವರು ಕೆಳಗಿನ ದಾರಿಗಳಲ್ಲಿ ತಿರುಗಾಡುತ್ತಿದ್ದವರು: ಅಲ್ಲಿಯ ಮನೆಗಳ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರು, ಕೃಷಿಕರ ಸುದ್ದಿಯನ್ನು ಬರೆಯುತ್ತಿದ್ದ ಶ್ರೀ ಪಡ್ರೆಯವರು. ಒಂದು ಮನೆಯ ಮಗುವಿನ ಕಾಯಿಲೆಯನ್ನು ಇನ್ನೊಂದು ಮನೆಯ ಮಗುವಿನ ಕಾಯಿಲೆಯೊಡನೆ ಸೇರಿಸಿ ನೋಡಬೇಕಾದರೆ ಎರಡು ಮನೆಗಳ ನಡುವಣ ತಡಮೆಯನ್ನು ದಾಟಿರಬೇಕು. ನಡೆದುಬಂದವನು ಸುದ್ದಿಯನ್ನು ಕೊಡಬೇಕೆಂಬ ಹಳೆಯ ಕಟ್ಟಳೆಯ ಬೆಲೆ ಇಂತಹ ಕಡೆಯಲ್ಲಿ ತಿಳಿಯುತ್ತದೆ.

ಹೀಗಾಗಿ ಮಕ್ಕಳನ್ನು ಕರೆದುಕೊಂಡು ಹೊರಡುವ ಉಪಾಧ್ಯಾಯರು ನೆತ್ತಿಯನ್ನು ಮುಟ್ಟುವ ಆತುರವನ್ನು ಕೊಂಚ ಬಿಟ್ಟು ಕೆಳದಾರಿಯಲ್ಲಿ ತಡಮಾಡಬೇಕೆಂದು ನನ್ನ ಅಭಿಪ್ರಾಯ. ಊರುಗಳ ಹೆಸರನ್ನು ಕೇಳಿಸಿದರೂ ಸಾಕು, ಅರ್ಧ ಪಾಠವಾದಂತೆ. ಬದಿಯಡ್ಕ, ಧರ್ಮತ್ತಡ್ಕ ಎಂಬಲ್ಲಿನ ‘ಅಡ್ಕ’ವು ಕಲ್ಲುಹಾಸಿನ ಒಣ ನೆಲವನ್ನು ಸೂಚಿಸುತ್ತದೆ, ನೀರ್ಚಾಲು ಎಂಬಲ್ಲಿ ಹೆಸರೇ ಹರಿಯುತ್ತದೆ. ಹೊಸದುರ್ಗವೆಂಬ ಕನ್ನಡದ ಹೆಸರು ಮಲೆಯಾಳದ ಮಾತಿನ ನಡುವೆ ನಿಂತು ಇಕ್ಕೇರಿಯವರನ್ನು ನೆನೆಯಿಸುತ್ತದೆ. 1956ರಲ್ಲಿ ರಾಜ್ಯದ ಎಲ್ಲೆ ಬದಲಾಯಿತು, ಹಲಗೆಗಳ ಮೇಲಿನ ಲಿಪಿ ಬದಲಾಯಿತು. ದಾರಿ ತೋರಿಸುವ ಮುದುಕಿಯ ಬಾಯಲ್ಲಿ ಹೆಸರುಗಳು ಬದಲಾಗಿಲ್ಲ. ಅವು ತುಳುವಿನವೊ, ಕನ್ನಡದವೊ, ಮಲೆಯಾಳದವೊ ಎಂಬ ವಾದವನ್ನು ಮಕ್ಕಳ ಮುಂದೆ ಹೂಡುವುದಕ್ಕಿಂತ ಮುದುಕಿಯ ಉಚ್ಚಾರಣೆಯನ್ನು ಇದ್ದಂತೆಯೇ ಬರೆದುಕೊಳ್ಳುವುದು ಹೆಚ್ಚು ಉಪಯುಕ್ತ.

ಇನ್ನು ಋತುವಿನ ಮಾತು. ನಮ್ಮ ಶಾಲೆಗಳ ಪ್ರವಾಸಗಳು ಹೆಚ್ಚಾಗಿ ಡಿಸೆಂಬರಿನಲ್ಲಿ ನಡೆಯುತ್ತವೆ. ಆಗ ಪದವು ಸುಟ್ಟ ರೊಟ್ಟಿಯಂತೆ ಕಪ್ಪಾಗಿ ಬಿದ್ದಿರುತ್ತದೆ. ಅದನ್ನು ಪಾಳುಭೂಮಿಯೆಂದು ಕರೆದವರ ಮೇಲೆ ಸಿಟ್ಟು ಬಾರದು, ಅದನ್ನು ಕಡಿದು ಲಾರಿಗೇರಿಸುವವರ ಮೇಲೂ ಬಾರದು. ಆದರೆ ಮಳೆ ಹಿಡಿದ ಮೇಲೆ ಅದೇ ಕಲ್ಲಿನ ತಗ್ಗುಗಳಲ್ಲಿ ಪಳ್ಳಗಳು ತುಂಬಿ, ನಿಂತ ನೀರು ಮೆಲ್ಲಗೆ ಕೆಳಗಿನ ಬಾವಿ ಸುರಂಗಗಳಿಗೆ ಇಳಿಯುತ್ತದೆ. ಅಂಗುಲದಷ್ಟೂ ಮಣ್ಣಿಲ್ಲದ ಎಡೆಯಲ್ಲಿ, ಹುಳುಗಳನ್ನು ಹಿಡಿದು ತಿಂದು ಬದುಕುವ ಗಿಡಗಳು ಕಿರುಬೆರಳಿನೆತ್ತರಕ್ಕೆ ಬೆಳೆದು, ನೆಲಕ್ಕೆ ನೆಲವೇ ನೀಲಿಯಾಗುವಂತೆ ಕೆಲವು ವಾರಗಳ ಕಾಲ ಹೂ ಬಿಡುತ್ತವೆ. ಓಣಂ ಹಬ್ಬದ ರಂಗವಲ್ಲಿಗೆ ಮಕ್ಕಳು ಆಯುವ ಹೂಗಳಲ್ಲಿ ಇದೂ ಒಂದು. ಆ ದಿನಗಳಲ್ಲಿ ಶಾಲೆಗಳು ನಡೆಯುತ್ತಿರುತ್ತವೆ, ಮತ್ತು ನಮ್ಮ ಎಷ್ಟೋ ಶಾಲೆಗಳಿಗೆ ಪದವು ಹಿತ್ತಲಿನಷ್ಟು ಹತ್ತಿರ. ಬಸ್ಸಿನ ಬಾಡಿಗೆಯ ಪ್ರಶ್ನೆಯೂ ಬಾರದು, ಕೊಡೆಯೊಂದಿದ್ದರೆ ಆಯಿತು.