ತಿದ್ದುವುದಕ್ಕೆ ಸಭೆ ಬೇಕೆ?

ಇಂಗ್ಲಿಷ್ ಬರವಣಿಗೆ ಕಲಿಸಲು ವಾಟ್ಸಾಪ್ ಗುಂಪು ಮಾಡಿಕೊಳ್ಳುವ ಮೇಷ್ಟ್ರುಗಳು ಈಗ ನಮ್ಮಲ್ಲೂ ಇದ್ದಾರೆ. ದಿನಕ್ಕೊಂದು ವಿಷಯ, ಐದು ಸಾಲು. ಲಾಭ ನಿಜವೇ. ಎಪ್ಪತ್ತು ಮಂದಿಯ ತರಗತಿಯಲ್ಲಿ ವರ್ಷಕ್ಕೆರಡು ಸಲ ನೋಟ್ ಪುಸ್ತಕ ನೋಡುವುದಕ್ಕಿಂತ ಇದು ವಾಸಿ. ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ: ಆ ಐದು ಸಾಲಿನ ತಪ್ಪನ್ನು ಎಲ್ಲರೆದುರು ತಿದ್ದುವುದು ಸರಿಯೆ?

ನೋಟ್ ಪುಸ್ತಕ ಮುಚ್ಚಿದರೆ ತಪ್ಪೂ ಮುಚ್ಚಿಕೊಳ್ಳುತ್ತಿತ್ತು. ಕರಿಹಲಗೆಯ ಮೇಲಿನದು ಡಸ್ಟರ್ ಆಡಿಸಿದರೆ ಹೋಗುತ್ತಿತ್ತು. ಗುಂಪಿನಲ್ಲಿ ಹಾಗಲ್ಲ. ಕಳಿಸಿದ್ದನ್ನು ತಿದ್ದಿಕೊಳ್ಳಲು ವಾಟ್ಸಾಪ್ 2023ರಲ್ಲಿ ಅವಕಾಶ ಕೊಟ್ಟಿತು, ಅದೂ 15 ನಿಮಿಷ ಮಾತ್ರ. ಸ್ಕ್ರೀನ್‌ಶಾಟ್‌ಗೆ ಅಷ್ಟು ಹೊತ್ತು ಬೇಡ. ಬರಹ ಯಾರ ಕೈಗೆ ಬೇಕಾದರೂ ಸಿಕ್ಕಿಬಿಡುತ್ತದೆ, ತನ್ನ ಪರವಾಗಿ ವಾದಿಸಲು ಅದಕ್ಕೆ ಬಾರದು ಎಂಬ ಅಳುಕನ್ನು ಪ್ಲೇಟೋ ‘ಫೀಡ್ರಸ್’ನಲ್ಲಿ ಸಾಕ್ರಟೀಸನ ಬಾಯಿಂದ ಆಡಿಸಿದ್ದಾನೆ.

ಇಷ್ಟಕ್ಕೂ ತಪ್ಪು ಎಂದರೇನು? ಇನ್ನೂ ಮನೆಯಿಂದ ಹೊರಡದವನು ‘ಇಗೋ ಬಂದೆ’ ಎನ್ನುವ ಭಾಷೆ ನಮ್ಮದು. ಆ ಹುಡುಗ ಇಂಗ್ಲಿಷಿನಲ್ಲಿ ‘ಐ ಕೇಮ್’ ಎಂದು ಬರೆದರೆ ಅದು ಸೋಮಾರಿತನವಲ್ಲ, ಕನ್ನಡದ ತರ್ಕ. ಕಲಿಯುವವನ ತಪ್ಪುಗಳು ಅವನು ಒಳಗೊಳಗೇ ಕಟ್ಟಿಕೊಳ್ಳುತ್ತಿರುವ ವ್ಯವಸ್ಥೆಯ ಗುರುತುಗಳು ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಹೇಳಿದ್ದರು. 1996ರಲ್ಲಿ ಜಾನ್ ಟ್ರಸ್ಕಾಟ್, ಬರವಣಿಗೆಯ ತರಗತಿಯಲ್ಲಿ ವ್ಯಾಕರಣ ತಿದ್ದುವುದನ್ನೇ ಬಿಡಬೇಕು ಎಂದು ವಾದಿಸಿದರು. ಮೂರು ವರ್ಷದ ನಂತರ ಡೇನಾ ಫೆರಿಸ್ ಅದನ್ನು ಒಪ್ಪದೆ ಉತ್ತರ ಬರೆದರು. ನನ್ನ ಒಲವು ಫೆರಿಸ್ ಕಡೆಗೆ. ಮನೆಯಲ್ಲಿ ಇಂಗ್ಲಿಷ್ ಇರುವವರು ಹೇಗೋ ಕಲಿತಾರು. ಇಲ್ಲದವರಿಗೆ ಮೇಷ್ಟ್ರೇ ಗತಿ. ಅವರನ್ನು ತಿದ್ದದೆ ಕಳಿಸುವುದು ಔದಾರ್ಯವಲ್ಲ, ಅಸಡ್ಡೆ.

ಆದರೆ ತಿದ್ದುವುದಕ್ಕೆ ಸಭೆ ಏಕೆ? ‘ಉಳಿದವರೂ ಕಲಿಯಲಿ’ ಎಂಬುದು ಸಿದ್ಧ ಉತ್ತರ. ಹಾಗೆಂದರೆ ಒಬ್ಬನ ನಾಚಿಕೆ ಉಳಿದವರ ಪಾಠವಾಯಿತು. ಅವನನ್ನು ಕೇಳಿದ್ದೇವೆಯೆ? ಕೇಳಿದರೂ, ಅಂಕ ಕೊಡುವವರೆದುರು ‘ಬೇಡ ಸರ್’ ಎನ್ನುವ ಧೈರ್ಯ ಎಷ್ಟು ಮಂದಿಗಿದೆ? (ನಗುವ ಮುಖದ ಇಮೋಜಿಗಳ ಮಾತು ಇಲ್ಲಿ ಎತ್ತದಿರುವುದೇ ಲೇಸು.) ಹೆಚ್ಚು ತಪ್ಪು ಮಾಡುವವರೇ, ಅಂದರೆ ಹೆಚ್ಚು ಕಲಿಯಬೇಕಾದವರೇ, ಇಂಥಲ್ಲಿ ಮೊದಲು ಸುಮ್ಮನಾಗುತ್ತಾರೆ. ಗುಂಪು ಚುರುಕಾಗಿದೆ ಎಂದು ಮೇಷ್ಟ್ರಿಗೆ ಅನ್ನಿಸುವುದು ಮಿಕ್ಕ ನಾಲ್ಕೈದು ಜನರ ಉತ್ಸಾಹ ನೋಡಿ.

ಹೆಸರು ತೆಗೆದು, ಅಂಥದೇ ಬೇರೊಂದು ವಾಕ್ಯವನ್ನು ಮೇಷ್ಟ್ರೇ ಬರೆದು ಗುಂಪಿಗೆ ಹಾಕಿದರೆ ವ್ಯಾಕರಣಕ್ಕೇನೂ ನಷ್ಟವಿಲ್ಲ. ಬರೆದವನಿಗೆ ಅವನ ಸಾಲುಗಳ ಬಗ್ಗೆ ಬೇರೆಯಾಗಿ ಬರೆಯಬೇಕು. ಸಮಯ ಹಿಡಿಯುತ್ತದೆ, ನಿಜ. ದಿನಕ್ಕೆ ಹತ್ತು ಮಂದಿಯಾದರೂ ಸಾಕು, ವಾರದಲ್ಲಿ ಎಪ್ಪತ್ತೂ ಜನರ ಸರದಿ ಬರುತ್ತದೆ.