ಕನಿಕರವೂ ಸ್ನೇಹವೂ

ಕನಿಕರಕ್ಕೂ ಸ್ನೇಹಕ್ಕೂ ಇರುವ ಭೇದವೇನು? ಇದರ ಉತ್ತರವನ್ನು ನಾನು ಪಾಠಶಾಲೆಯಲ್ಲಿ ಅಲ್ಲ, ರೈಲು ಬಂಡಿಯಲ್ಲಿ ಕಲಿತೆನು.

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಕವಲು ದಾರಿಯು 1894ರಲ್ಲಿ ಚಿನ್ನದ ಗಣಿಗಳ ನಿಮಿತ್ತವಾಗಿ ತೆರೆಯಲ್ಪಟ್ಟಿತು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಲ್ಪಟ್ಟವು. ರೈಲು ಮಾತ್ರ ನಿಲ್ಲಲಿಲ್ಲ. ಹೊನ್ನು ತೆಗೆದವರ ಮಕ್ಕಳು ಅದರಲ್ಲಿಯೇ ಮುಂಜಾನೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ.

ನಾನು ವಾರಕ್ಕೊಮ್ಮೆ ಸಂಜೆ ಆ ಬಂಡಿಯನ್ನು ಹತ್ತುವವನು. ಬಂಗಾರಪೇಟೆಯ ಒಂದು ಅಂಗಡಿಯ ಕಾವಲು ಮುಗಿಸಿ ಬರುವ ಎಪ್ಪತ್ತು ವರುಷದ ಹಿರಿಯರೊಬ್ಬರು ಅಲ್ಲಿ ನನಗೆ ಪರಿಚಿತರಾದರು. ಅವರ ಮನೆಮಾತು ತಮಿಳು, ನನ್ನದು ಕನ್ನಡ. ಅವರು 3 ಕಿಲೋಮೀಟರಿಗಿಂತಲೂ ಆಳವಾದ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಅಷ್ಟು ಆಳದಲ್ಲಿ ಬಂಡೆಯು ತನ್ನ ಮೇಲಿನ ಭಾರಕ್ಕೆ ಒಮ್ಮೆಗೇ ಸಿಡಿಯುವುದುಂಟು. ಉಸಿರಿನೊಡನೆ ಒಳಹೊಕ್ಕ ಕಲ್ಲುಧೂಳಿನಿಂದ ಅನೇಕರ ಶ್ವಾಸಕೋಶಗಳು ಕೆಟ್ಟವು. ಇವರಿಗೂ ಬಿಡದ ಕೆಮ್ಮು. ನಾನು ಚಹಾ ಕೊಡಿಸಿ, ಹೇಳಿದ ಕಥೆಯನ್ನೇ ಮತ್ತೆ ಕೇಳಿ, ಒಂದು ಸತ್ಕಾರ್ಯವನ್ನು ಮಾಡಿದೆನೆಂದು ಭಾವಿಸುತ್ತಿದ್ದೆನು.

ಒಂದು ಸಂಜೆ ನನಗೆ ಬೇಸರವಾಯಿತು. ಅವರ ಕಣ್ಣಿಗೆ ಬೀಳದಂತೆ ಹಿಂದಿನ ಡಬ್ಬಿಯಲ್ಲಿ ಕುಳಿತು ಊರು ಸೇರಿದೆನು. ಮುಂದಿನ ವಾರ ಕಂಡಾಗ ಅವರೇ, “ಅಂದು ಬರಲಿಲ್ಲವೇಕೆ, ತಂಬಿ? ಮೈ ಸರಿಯಿರಲಿಲ್ಲವೋ?” ಎಂದು ಕೇಳಿದರು. ನನಗಾಗಿ ಆ ಬಂಡಿಯನ್ನು ಬಿಟ್ಟು, ಮುಂದಿನದು ಬರುವ ತನಕ ಮಳೆಯಲ್ಲಿ ಕಾದಿದ್ದರಂತೆ. “ಯಾಕೆ ಕಾದಿರಿ, ಅಯ್ಯಾ?” ಎಂದೆನು. ಅವರು ಹೇಳಿದ್ದೇನಂದರೆ: “ಜೊತೆಗಾರನನ್ನು ಕೆಳಗೆ ಬಿಟ್ಟು ಮೇಲೆ ಬರುವ ಅಭ್ಯಾಸ ನನಗಿಲ್ಲ.”

ನನಗೆ ತಲೆ ಎತ್ತಲಾಗಲಿಲ್ಲ. ನಡೆದದ್ದನ್ನು ಒಪ್ಪಿಕೊಂಡೆನು. ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆಗೆ ನೋಡಿ, ತರುವಾಯ ಸರಿದು ಕುಳಿತು ಪಕ್ಕದಲ್ಲಿ ಸ್ಥಳ ಕೊಟ್ಟರು.

ಆ ದಿನ ನನಗೆ ತಿಳಿದದ್ದು ಇಷ್ಟೇ. ಕನಿಕರವು ತನಗೆ ಅನುಕೂಲವಾದಾಗ ಕೊಡುತ್ತದೆ, ಬೇಸರವಾದಾಗ ಎದ್ದುಹೋಗುತ್ತದೆ. ಲೆಕ್ಕವು ಅದರ ಕೈಯಲ್ಲಿಯೇ ಇರುತ್ತದೆ. ಸ್ನೇಹವಾದರೋ ಮತ್ತೊಬ್ಬನ ಬರವನ್ನು ಕಾಯುತ್ತದೆ. ನಾನು ಅವರಿಗೆ ಉಪಕಾರಿಯೆಂದು ಎಣಿಸಿದ್ದ ಕಾಲದಲ್ಲೆಲ್ಲಾ ಅವರು ನನ್ನನ್ನು ಜೊತೆಗಾರನೆಂದು ಎಣಿಸಿದ್ದರು. ಆದಕಾರಣ, ವಾಚಕರೇ, ನಾವು ಯಾರಿಗೆ ಏನು ಕೊಟ್ಟೆವೆಂದು ಎಣಿಸುವ ಮೊದಲು, ನಮಗಾಗಿ ಯಾರು ಕಾದಿದ್ದಾರೆಂದು ವಿಚಾರಿಸೋಣ.